ಎರಡು ಕಯಾಕ್, ಒಂದು ದೀರ್ಘ

ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಹೆಣ್ಣು ನೋಡಲು ಬಂದ ವರನ ಹಾಗೆ ಅದು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ತನಗೆ ಅನುಕೂಲವಾದಷ್ಟನ್ನು ಮಾತ್ರ ಹೇಳುತ್ತದೆ. ‘ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ’ ಎಂದು ಯಾರಾದರೂ ಶುರು ಮಾಡಿದರೆ ನಾನು ಅರ್ಧ ಕಿವಿ ಮುಚ್ಚಿಕೊಳ್ಳುತ್ತೇನೆ. ಆ ಯಾರಾದರೂ ನಾನೇ ಆಗಿದ್ದರೆ ಪೂರ್ತಿ ಮುಚ್ಚಿಕೊಳ್ಳುತ್ತೇನೆ. ಈ ಬರಹದ ಮೊದಲ ವಾಕ್ಯವೇ ಬೇರೆ ಇತ್ತು. ‘ಮಳೆಗಾಲದ ಒಂದು ಬೆಳಿಗ್ಗೆ’ ಎಂದು ಬರೆದಿದ್ದೆ. ನನ್ನ ಹೆಂಡತಿ ಗಿರಿಜಾ ಅದನ್ನು ಓದಿ, “ಯಾವ ಮಳೀರೀ? ಆವತ್ತು ನೀವು ಛತ್ರಿ ಬಿಚ್ಚಿದ್ದು ಬಿಸಿಲಿಗೆ,” ಎಂದಳು. ಹೊಡೆದುಹಾಕಿದೆ. ಈಗ ಅನುಮಾನವಿಲ್ಲದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ನಮ್ಮ ಸಣ್ಣ ಕಾರಿನ ತಲೆಯ ಮೇಲೆ ಹಸಿರು ಬಣ್ಣದ ಒಂದು ಕಬ್ಬಿಣದ ಪೀಠವಿದೆ. ಅದಕ್ಕೆ ಒರಗು ಇದೆ, ಹಿಂದೆ ಏಣಿ ಇದೆ, ಛತ್ರಿ ಸಿಕ್ಕಿಸಲು ಒಂದು ಬಳೆ ಇದೆ. ನಾರಾಯಣಪೇಟೆಯ ಚೌಕದಲ್ಲಿ ಕಾರು ನಿಲ್ಲಿಸಿದರೆ, “ಯಾವ ಪಾರ್ಟಿ ಪ್ರಚಾರ ಸಾರ್?” ಎಂದು ಕೇಳುತ್ತಾರೆ. ನಾನು ಯಾವ ಪಾರ್ಟಿಯವನೂ ಅಲ್ಲ. ಆ ಪೀಠ ಅಲ್ಲಿಗೆ ಬಂದದ್ದು ಒಂದು ದೀರ್ಘಾಕ್ಷರದಿಂದ.

ಅದೂ ಹ್ರಸ್ವ ದೀರ್ಘ ಕಲಿಸಿಯೇ ಸಂಬಳ ತೆಗೆದುಕೊಳ್ಳುವವನ ಕಾರಿನ ಮೇಲೆ. ನಾನು ಗಡಿನಾಡಿನ ಮಕ್ತಲ್ ಹತ್ತಿರದ ಹಳ್ಳಿಯೊಂದರಲ್ಲಿ ಕನ್ನಡ ಮೇಷ್ಟರು. ನಮ್ಮ ರಾಜ್ಯದ ಭಾಷೆ ತೆಲುಗು, ಬಜಾರಿನ ಭಾಷೆ ಅರ್ಧ ಉರ್ದು, ಅಡುಗೆಮನೆಯ ಭಾಷೆ ಕನ್ನಡ. ಈ ಮೂರರ ನಡುವೆ ಇನ್ನೂ ಕೆಲವು ಶಾಲೆಗಳಲ್ಲಿ ಕನ್ನಡದ ಬೋರ್ಡು ಉಳಿದಿದೆ. ಹುಡುಗರು ಮನೆಯಲ್ಲಿ ‘ಹೋಗಾಕ, ಬರಾಕ, ತಿನ್ನಾಕ’ ಎನ್ನುತ್ತಾರೆ, ನಾನು ‘ಹೋಗಲು, ಬರಲು, ತಿನ್ನಲು’ ಎಂದು ಬರೆಸುತ್ತೇನೆ, ಅವರು ಗಂಟೆ ಹೊಡೆದ ಕೂಡಲೇ ಮತ್ತೆ ತಿನ್ನಾಕ ಓಡುತ್ತಾರೆ. ಒಬ್ಬ ಹುಡುಗಿ ‘ಹಾಸು ಹಾಲು ಕೊಡುತ್ತದೆ’ ಎಂದು ಬರೆದಾಗ, ಹಾಸಿಗೆಯ ಪಕ್ಕ ಚೊಂಬು ಹಿಡಿದು ಕೂತ ಮನುಷ್ಯನ ಚಿತ್ರವನ್ನೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೆ. ಇಡೀ ತರಗತಿ ನಕ್ಕಿತ್ತು. ಆ ನಗು ನನಗೆ ಬಡ್ಡಿ ಸಮೇತ ವಾಪಸು ಬಂದ ಕಥೆ ಇದು.

ಗಿರಿಜಾ ನಾರಾಯಣಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಟೀಚರು. ಕೊರಳಲ್ಲಿ ಸೀಟಿ, ಕಾಲಲ್ಲಿ ಬಿಳಿ ಬೂಟು. ಮದುವೆಯಾದ ಹೊಸತರಲ್ಲಿ ಆಕೆಯ ಜೊತೆ ನಡೆಯಲು ನಾನು ಸಣ್ಣಗೆ ಓಡಬೇಕಾಗುತ್ತಿತ್ತು. ಮದ್ದೂರಿನಿಂದ ಬರುವಾಗ ಸ್ಕೂಟರು ಜಾರಿ ಬಿದ್ದು ಮೊಳಕಾಲಿಗೆ ಆಪರೇಷನ್ ಆದ ಮೇಲೆ ಲೆಕ್ಕ ತಿರುಗಿತು. ಡಾಕ್ಟರು ನಡೆಯಬಹುದು ಎಂದರು; ಎಷ್ಟು ದೂರ ಎಂದು ಹೇಳಲಿಲ್ಲ. ಓಣಿಯ ತುದಿ ಮುಟ್ಟಿ ಬರುವಷ್ಟರಲ್ಲಿ ಆಕೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಶಾಲೆಯವರು ಒಳ್ಳೆಯ ಮನಸ್ಸಿನಿಂದಲೇ ಆಕೆಯನ್ನು ಲೈಬ್ರರಿಯಲ್ಲಿ ಕೂರಿಸಿದರು. ಒಂದು ದಿನ ಬಂದವಳೇ ಸೀಟಿಯನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿ, “ಇನ್ನ ಇದು ಬ್ಯಾಡ ಬಿಡ್ರಿ,” ಎಂದಳು. ದನಿಯಲ್ಲಿ ಏನೂ ಇರಲಿಲ್ಲ. ಉಪ್ಪಿನ ಡಬ್ಬಿ ಖಾಲಿಯಾಗಿದೆ ಎಂದ ಹಾಗಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಆಮೇಲೆ ಹೈದರಾಬಾದಿಗೆ ಆಕೆಯ ತಂಗಿಯ ಮನೆಗೆ ಹೋದಾಗ, ಊರ ಹೊರಗಿನ ಒಂದು ಕೆರೆಯಲ್ಲಿ ಕಯಾಕ್ ಕಂಡಳು. ಕಯಾಕ್ ಎಂದರೆ ಉದ್ದನೆಯ, ಕಿರಿದಾದ ಪ್ಲಾಸ್ಟಿಕ್ ದೋಣಿ. ಒಬ್ಬರೇ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವಂಥದ್ದು. ನಾನು ಬೇಡ ಎನ್ನುವುದರೊಳಗೆ ಕೂತಿದ್ದಳು. ದಂಡೆಯ ಮೇಲೆ ನಾನು ಆಕೆಯ ಚಪ್ಪಲಿ ಹಿಡಿದುಕೊಂಡು ನಿಂತೆ. ಕೆರೆಯ ಆಚೆ ದಡ ಮುಟ್ಟಿ, ಅಲ್ಲಿಂದ ಇನ್ನೆಲ್ಲಿಗೋ ತಿರುಗಿ, ಬಹಳ ಹೊತ್ತಿನ ಮೇಲೆ ಬಂದಳು. “ಕಾಲು ಬೇಕಾಗೇ ಇಲ್ರೀ ಅದಕ್ಕ,” ಎಂದಳು. “ತೋಳು ಸಾಕು. ಎಷ್ಟು ದೂರ ಬೇಕಾದ್ರೂ ಹೋಗಬಹುದು.” ಮರಳಿ ಬರುವಷ್ಟರಲ್ಲಿ ಆ ಕೆರೆಯವರ ಹತ್ತಿರ ಎರಡು ಹಳೆಯ ಕಯಾಕ್ ಕೊಳ್ಳುವ ಮಾತು ಆಗಿಹೋಗಿತ್ತು. ಎರಡು ಯಾಕೆ ಎಂದೆ. “ಒಂದು ನಿಮಗ,” ಎಂದಳು. ನನಗೆ ಈಜು ಬರುವುದಿಲ್ಲ ಎಂದು ನೆನಪಿಸಿದೆ. “ಜಾಕೀಟು ಹಾಕ್ತಾರ್ರೀ,” ಎಂದಳು, ಜಾಕೀಟಿಗೆ ಈಜು ಬರುತ್ತದೆ ಎನ್ನುವ ಹಾಗೆ.

ಕಯಾಕ್‌ಗಳು ಡಿಸಿಎಂ ಎನ್ನುವ ಸಣ್ಣ ಲಾರಿಯಲ್ಲಿ ನಾರಾಯಣಪೇಟೆಯ ನಮ್ಮ ಓಣಿಗೆ ಬಂದು ಇಳಿದವು. ಒಂದು ಕಿತ್ತಳೆ ಬಣ್ಣದ್ದು, ಒಂದು ನೀಲಿ. ಎದುರು ಮನೆಯ ನರಸಮ್ಮ ಹೊರಗೆ ಬಂದು, “ಇದೇಂದಿ ಸಾರೂ, ಬರ್ರೆಲಕು ತೊಟ್ಟಿಯಾ?” ಎಂದು ಕೇಳಿದರು. ಎಮ್ಮೆಗೆ ನೀರಿಡುವ ತೊಟ್ಟಿ ಅಲ್ಲ, ಒಬ್ಬೊಬ್ಬರೇ ಕೂರುವ ದೋಣಿ ಎಂದು ವಿವರಿಸಿದೆ. ನಮ್ಮ ಕಡೆ ದೋಣಿ ಎಂದರೆ ಮೀನು ಹಿಡಿಯುವವರ ದುಂಡನೆಯ ಪುಟ್ಟಿ. ಅದರಲ್ಲಿ ಮನುಷ್ಯರು, ಬಲೆ, ಸೈಕಲ್ಲು, ಒಮ್ಮೊಮ್ಮೆ ಮೇಕೆಯೂ ಹಿಡಿಸುತ್ತದೆ. ಗಂಡ ಒಂದು ದೋಣಿಯಲ್ಲಿ, ಹೆಂಡತಿ ಒಂದು ದೋಣಿಯಲ್ಲಿ ಎಂದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ನರಸಮ್ಮ ಆವತ್ತು ಸಂಜೆ ಗಿರಿಜಾಳಿಗೆ ಒಂದು ಬಟ್ಟಲು ಪಾಯಸ ತಂದುಕೊಟ್ಟು, ಆಕೆಯ ಬೆನ್ನು ಸವರಿ, ಏನೂ ಕೇಳದೆ ಹೋದರು.

ದೋಣಿ ಮನೆಗೆ ಬಂದರೆ ಆಯಿತೇ? ನೀರು ಮನೆಗೆ ಬರುವುದಿಲ್ಲ. ಮಕ್ತಲ್ ದಾಟಿ ಗದ್ವಾಲದ ದಿಕ್ಕಿಗೆ ಹೋದರೆ ಜೂರಾಲದ ಹಿನ್ನೀರು ಸಿಗುತ್ತದೆ, ಅಲ್ಲಿ ಕೃಷ್ಣೆ ಹೊಳೆಯ ಕೆಲಸ ಬಿಟ್ಟು ಕೆರೆಯ ಹಾಗೆ ಹರಡಿಕೊಂಡು ಕೂತಿದ್ದಾಳೆ. ಅಲ್ಲಿಯವರೆಗೆ ಕಯಾಕ್ ಹೋಗಬೇಕು. ನಮ್ಮ ಕಾರು ಎಷ್ಟು ಸಣ್ಣದೆಂದರೆ ಹಿಂದಿನ ಸೀಟಿನಲ್ಲಿ ಕೂತವರು ತಮ್ಮ ಮೊಳಕಾಲಿಗೇ ಗಲ್ಲ ಊರಿ ಮಾತಾಡಬೇಕು. ಕಯಾಕ್ ಕಾರಿಗಿಂತ ಒಂದು ಗೇಣೋ ಎರಡು ಗೇಣೋ ಗಿಡ್ಡ ಅಷ್ಟೆ. ಮೊದಲ ಪ್ರಯೋಗ ನನ್ನದು. ಚಾವಣಿಯ ಮೇಲೆ ಹಳೆಯ ಗಾದಿ ಹಾಸಿದೆ, ಕಿತ್ತಳೆ ಕಯಾಕನ್ನು ಬೋರಲು ಹಾಕಿದೆ, ಇಬ್ಬರೂ ಒಳಗೆ ಕೂತ ಮೇಲೆ ಹಗ್ಗವನ್ನು ಈಚೆ ಕಿಟಕಿಯಿಂದ ಒಳಗೆ, ಆಚೆ ಕಿಟಕಿಯಿಂದ ಹೊರಗೆ ಸುತ್ತಿಸಿ ನಮ್ಮ ತಲೆಯ ಮೇಲೆಯೇ ಗಂಟು ಬಿಗಿದೆ. ಬಹಳ ಗಟ್ಟಿ ಗಂಟು. ಮಕ್ತಲ್‌ನಲ್ಲಿ ಚಹಾ ಕುಡಿಯೋಣವೆಂದು ನಿಲ್ಲಿಸಿದಾಗ ತಿಳಿಯಿತು, ಕಯಾಕಿನ ಜೊತೆ ಕಾರಿನ ಬಾಗಿಲುಗಳನ್ನೂ ಸೇರಿಸಿ ಕಟ್ಟಿದ್ದೇನೆ ಎಂದು. ಗಂಟು ಗಾಳಿಗೆ ಜಗ್ಗಿ ಜಗ್ಗಿ ಕಲ್ಲಾಗಿತ್ತು. ನಾನು ಕಿಟಕಿಯಿಂದ ನುಸುಳಿ ಹೊರಗೆ ಬೀಳಬಹುದಿತ್ತು. ಗಿರಿಜಾಳ ಕಾಲಿಗೆ ಅದು ಆಗದ ಮಾತು. ಹೋಟೆಲಿನವನು ಕಿಟಕಿಯಿಂದಲೇ ಚಹಾ ಕೊಟ್ಟ. ನನ್ನ ಶಾಲೆಯ ಇಬ್ಬರು ಹುಡುಗರ ಅಪ್ಪಂದಿರು ಅಲ್ಲೇ ಕೂತಿದ್ದರು. ನಮಸ್ಕಾರ ಎಂದರು, ನಾನೂ ಪಂಜರದೊಳಗಿಂದ ನಮಸ್ಕಾರ ಎಂದೆ.

“ನೀರಿನ ತನಕ ಹೋಗಿ, ಕಾರಿನ್ಯಾಗ ಕುಂತು ನೀರು ನೋಡಿ ಬರೋದೇನ್ರೀ?” ಎಂದು ಗಿರಿಜಾ ಕೇಳಿದಳು. ಅಲ್ಲಿಂದಲೇ ತಿರುಗಿದೆವು. ಮನೆಗೆ ಬಂದು, ನರಸಮ್ಮ ಕಿಟಕಿಯಿಂದ ಕೊಟ್ಟ ಈಳಿಗೆಯಿಂದ ಹಗ್ಗ ಕೊಯ್ದೆವು. ಆ ವಾರ ಮಹಬೂಬ್‌ನಗರದ ರಸ್ತೆಯಲ್ಲಿ ಹೊಸದಾಗಿ ಡಾಬಾ ಹಾಕಿದವನೊಬ್ಬ ಬಂದ. ಗಿರಾಕಿಗಳು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಎರಡೂ ಕಯಾಕನ್ನು ಅಂಗಳದಲ್ಲಿ ನೆಟ್ಟು ನಿಲ್ಲಿಸುತ್ತಾನಂತೆ. ಬರುವ ಸೋಮವಾರ ಗಾಡಿ ತರುತ್ತೇನೆ, ಯೋಚಿಸಿ ಹೇಳಿ ಎಂದು ಹೋದ. ನಾನು ಆಕೆ ಅವನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. “ಅಷ್ಟರಾಗ ಏನರ ಆದ್ರ ಆತು. ಇಲ್ಲಾಂದ್ರ ಕೊಟ್ಟುಬಿಡೋಣ ಬಿಡ್ರಿ,” ಎಂದಳು. ಮತ್ತೆ ಅದೇ ದನಿ, ಉಪ್ಪಿನ ಡಬ್ಬಿಯ ದನಿ. ಸೀಟಿ ಮೊಳೆಯ ಮೇಲೆ ತೂಗುತ್ತಿತ್ತು. ಇಲ್ಲಿ ನಾನು ಗಟ್ಟಿ ನಿರ್ಧಾರ ಮಾಡಿದೆ ಎಂದು ಬರೆಯಬೇಕು. ನನಗೆ ನೆನಪಿರುವುದು ಕಾರಿನ ಬೀಗದ ಕೈ ಹುಡುಕಿ ಜೇಬಿಗೆ ಹಾಕಿಕೊಂಡದ್ದು ಮಾತ್ರ. ಅದು ಹಾಲು ತರಲಿಕ್ಕೂ ಇರಬಹುದು.

ಮರುದಿನ ಗದ್ವಾಲಕ್ಕೆ ಹೋದೆ. ಅಲ್ಲಿ ಕಾರಿನ ಸಿಂಗಾರದ ಸಾಮಾನು ಮಾರುವ ಅಂಗಡಿಯಿದೆ. ಅಂಗಡಿಯವನು ಹೊರಗೆ ಬಂದು ನಮ್ಮ ಕಾರಿನ ತಲೆಯನ್ನು ಸವರಿ ನೋಡಿದ, ಕ್ಷೌರಿಕರು ಬೋಳುತಲೆಯನ್ನು ನೋಡುವ ಹಾಗೆ. ಹಳೆಯ ಕಾರುಗಳಿಗೆ ಚಾವಣಿಯ ಅಂಚಿನಲ್ಲಿ ಮಳೆನೀರು ಇಳಿಯುವ ಕಾಲುವೆ ಇರುತ್ತಿತ್ತಂತೆ, ಕ್ಯಾರಿಯರ್ ಅದನ್ನು ಕಚ್ಚಿಕೊಂಡು ಕೂರುತ್ತಿತ್ತಂತೆ. ದೊಡ್ಡ ಕಾರುಗಳಿಗೆ ಕಂಪನಿಯಿಂದಲೇ ಸರಳು ಬಂದಿರುತ್ತದಂತೆ. ನಮ್ಮದಕ್ಕೆ ಅದೂ ಇಲ್ಲ, ಇದೂ ಇಲ್ಲ. “ಕ್ಯಾರಿಯರ್ ಇದಕ್ಕೆ ಆಗೋದಿಲ್ಲ ಸಾರ್,” ಎಂದ. ಮತ್ತೆ ಅಲ್ಲಿ ಗೋಡೆಗೆ ಹೊಳೆಯುತ್ತಿರುವುದು ಏನು ಎಂದೆ. ಅದು ಅಂಟು ಹಚ್ಚಿ ಕೂರಿಸುವ ಬೆಳ್ಳಿ ಬಣ್ಣದ ಪಟ್ಟಿ. “ಇದಿ ಷೋಕಿ ಸಾರ್. ಬರುವು ಪೆಟ್ಟೊದ್ದು,” ಎಂದ. ಷೋಕಿಗೆ ಮಾತ್ರ, ಭಾರ ಇಡಬಾರದು. ಜೀವನದಲ್ಲಿ ನಾನು ಕಂಡ ಬಹಳಷ್ಟು ಜನರ ಬಗ್ಗೆ ಇಷ್ಟು ಪ್ರಾಮಾಣಿಕವಾಗಿ ಯಾರೂ ಮೊದಲೇ ಹೇಳಿರಲಿಲ್ಲ.

ಉಳಿದವನು ಮಕ್ತಲ್‌ನ ವೆಲ್ಡಿಂಗ್ ಸಂಗಪ್ಪ. ಟ್ರ್ಯಾಕ್ಟರಿನ ಟ್ರಾಲಿ, ಶೆಡ್ಡು, ಗೇಟು, ಕಿಟಕಿ ಸರಳು, ಏನು ಹೇಳಿದರೂ ಮಾಡುತ್ತಾನೆ. ಹೇಳದೇ ಇದ್ದದ್ದನ್ನೂ ಸ್ವಲ್ಪ ಸೇರಿಸಿ ಮಾಡುತ್ತಾನೆ. ನಮ್ಮ ಶಾಲೆಯ ಗೇಟಿಗೆ ಯಾರೂ ಕೇಳದೆ ಎರಡು ನವಿಲು ಮಾಡಿಟ್ಟವನು. ಗದ್ವಾಲದಿಂದ ಬರುವಾಗ ಅವನ ಶೆಡ್ಡಿನಲ್ಲಿ ಕಾರು ಬಿಟ್ಟೆ. ಅವನು ಎಲ್ಲೋ ಕೆಲಸಕ್ಕೆ ಹೋಗಿದ್ದ. ಬಸ್ಸು ಹಿಡಿದು ಮನೆಗೆ ಬಂದು ಫೋನು ಮಾಡಿದೆ. ಆ ಫೋನಿನ ಮಾತಿಗೆ ಈಗ ಮೂರು ಪಾಠಗಳಿವೆ: ನನ್ನದು, ಸಂಗಪ್ಪನದು, ಪಕ್ಕದಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಗಿರಿಜಾಳದು. ಮೂವರೂ ಒಪ್ಪುವಷ್ಟನ್ನು ಮಾತ್ರ ಕೊಡುತ್ತೇನೆ.

“ಸಂಗಪ್ಪ, ಕಾರಿನ ಮ್ಯಾಲೆ ಒಂದು ಸ್ಟ್ಯಾಂಡ್ ಕೂಡಿಸಬೇಕಲ್ಲ.” (ಕ್ಯಾರಿಯರ್ ಆಗುವುದಿಲ್ಲ ಎಂದು ಗದ್ವಾಲದವನು ಹೇಳಿದ್ದರಿಂದ ನಾನು ಆ ಪದವನ್ನೇ ಬಿಟ್ಟೆ. ಬಿಡದೇ ಇದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ.)

“ಯಾತಕ್ರೀ ಪಂಡಿತರ?”

“ಕಯಾಕ್.”

“ಕಾಯಾಕ?”

“ಹ್ಞೂಂ, ಕಯಾಕ್. ಜೂರಾಲ ನೀರಿನ ಕಡೆ ಹೋಗಬೇಕು, ಅದಕ್ಕ.”

“ಒಂದೋ, ಎರಡೋ?”

“ಎರಡು. ಒಂದು ನಂದು, ಒಂದು ಮೇಡಮ್ಮಂದು.”

“ಮೇಡಮ್ಮಾರೂ ಕಾಯಾಕ?”

“ಅವರದ ಮುಖ್ಯ. ಅವರ ಮೊಳಕಾಲು ಗೊತ್ತಲ್ಲ, ತ್ರಾಸಾಗಬಾರದು.”

“ಬೇಫಿಕರ್ ಇರ್ರಿ. ಮಜಬೂತ್ ಮಾಡ್ತೀನಿ.”

ಓದುಗರಲ್ಲಿ ನಮ್ಮ ಸೀಮೆಯವರಿದ್ದರೆ ಈಗಾಗಲೇ ನಗುತ್ತಿರುತ್ತಾರೆ. ಬೇರೆಯವರಿಗಾಗಿ ಒಂದು ಮಾತು. ನಮ್ಮಲ್ಲಿ ‘ಕಾಯಾಕ’ ಎಂದರೆ ಕಾಯಲು, ಕಾವಲಿರಲು. ದನ ಕಾಯಾಕ, ಹೊಲ ಕಾಯಾಕ, ಕಣ ಕಾಯಾಕ. ನಾನು ಹ್ರಸ್ವವಾಗಿ ‘ಕಯಾಕ್’ ಎಂದೆ, ಅವನ ಕಿವಿ ದೀರ್ಘ ಮಾಡಿಕೊಂಡಿತು ಎಂಬುದು ನನ್ನ ಪಾಠ. ನಾನೇ ದೀರ್ಘವಾಗಿ ‘ಕಾಯಾಕ’ ಎಂದೆ, ಅದೂ ಪ್ರತಿಸಲವೂ, ಎಂಬುದು ಗಿರಿಜಾಳ ಪಾಠ. ಸಂಗಪ್ಪನಿಗೆ ಎರಡರಲ್ಲಿ ವ್ಯತ್ಯಾಸವೇ ಇಲ್ಲ.

ಶನಿವಾರ ಇಬ್ಬರೂ ಬಸ್ಸಿನಲ್ಲಿ ಮಕ್ತಲ್‌ಗೆ ಹೋದೆವು. ಕಾರು ಶೆಡ್ಡಿನ ಮುಂದೆ ನಿಂತಿತ್ತು. ಅದರ ಮೇಲೆ ಹಸಿರು ಬಣ್ಣದ ಒಂದು ಮಂಚಿಗೆ. ಹೊಲದಲ್ಲಿ ಹಕ್ಕಿ ಓಡಿಸಲು, ಹಂದಿ ಕಾಯಲು ನಾಲ್ಕು ಕಂಬದ ಮೇಲೆ ಕಟ್ಟಿಕೊಳ್ಳುತ್ತಾರಲ್ಲ, ಅಂಥದ್ದು. ಕಂಬದ ಬದಲು ಕೆಳಗೆ ನಮ್ಮ ಕಾರು ಇತ್ತು ಅಷ್ಟೆ.

“ಬರ್ರಿ ಪಂಡಿತರ, ಬರ್ರಿ ಮೇಡಂ,” ಎಂದು ಸಂಗಪ್ಪ ಮಗಳ ಮದುವೆ ಚಪ್ಪರ ತೋರಿಸುವವನ ಹಾಗೆ ಕೈ ಬೀಸಿದ. “ಹೆಂಗೈತಿ? ಆನಿ ಕುಂತ್ರೂ ಅಲ್ಲಾಡಂಗಿಲ್ಲ!”

“ಆನಿ ಯಾಕ ಕುಂಡರ್ತೈತಿ ಸಂಗಪ್ಪ?”

“ಆನಿ ಅಲ್ರೀ, ನೀವು. ಇಕಾ ಇಲ್ಲಿ ನೀವು, ಇಲ್ಲಿ ಮೇಡಂ.”

“ನಾವ್ಯಾಕ ಕುಂಡ್ರಬೇಕು?”

“ನಿಂತು ಕಾಯ್ತೀರೇನು ಮತ್ತ?”

“ಏನು ಕಾಯೋದು?”

“ಅದು ನನಗೇನು ಗೊತ್ರೀ? ಶೇಂಗಾ ಇರಬೇಕು, ಹಂದಿ ಕಾಟ ಭಾಳ ಐತಲ್ಲ ಆ ಕಡೆ. ಕೊತ್ತಪಲ್ಲಿಯವರೊಬ್ರಿಗೆ ಟ್ರಾಲಿ ಮ್ಯಾಲೆ ಇಂಥದ್ದ ಮಾಡಿಕೊಟ್ಟೀನಿ. ಪಂಡಿತರು ನೀರಿನ ದಂಡಿಗೆ ಹೊಲ ಹಿಡಿದಾರ, ಕಾಲು ನೋವಿದ್ರೂ ಮೇಡಂ ಕಾಯಾಕ ಬರ್ತಾರ, ಎಂಥ ಕಷ್ಟಜೀವಿಗಳು ಅಂತ ನಮ್ಮ ಮನ್ಯಾಗೂ ಹೇಳೀನಿ. ಆಕಿ ಕಣ್ಣಾಗ ನೀರು ತಂದ್ಲು.”

“ಕಯಾಕ್, ಸಂಗಪ್ಪ, ಕಯಾಕ್!”

“ಹೌದಲ್ರೀ, ಕಾಯಾಕ!”

“ಕಾಯಾಕ ಅಲ್ಲ, ಕಯಾಕ್!”

“ಅದನ್ನ ಹೇಳಾಕತ್ತೀನಿ ನಾನೂ!”

ಹೀಗೆ ಎಷ್ಟು ಹೊತ್ತು ಕೂಗಿದೆವೋ. ಪಕ್ಕದ ಪಂಚರ್ ಅಂಗಡಿಯವರು ಬಂದು ನಿಂತರು. ನಾನು ತರಗತಿಯ ದನಿ ತೆಗೆದು, ಕ ಹ್ರಸ್ವ, ಕಾ ದೀರ್ಘ ಎಂದು ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದೆ. ಸಂಗಪ್ಪ ಗಾಳಿಯನ್ನು ನೋಡಿ, “ನನಗ ಕನ್ನಡ ಮಾತಾಡಾಕ ಬರ್ತೈತಿ, ಓದಾಕ ತೆಲುಗು ಬರ್ತೈತ್ರಿ,” ಎಂದ. ಕೊನೆಗೆ ಫೋನಿನಲ್ಲಿ ಕಯಾಕಿನ ಚಿತ್ರ ತೋರಿಸಿದೆ. ಅವನು ಫೋನನ್ನು ಉದ್ದ ಹಿಡಿದು, ಅಡ್ಡ ಹಿಡಿದು ನೋಡಿದ. “ಇದು ಪಡವ ಅಲ್ರೀ!” ಎಂದ. ತೆಲುಗಿನಲ್ಲಿ ದೋಣಿಗೆ ಪಡವ ಎನ್ನುತ್ತಾರೆ. “ಪಡವ ಅಂತ ಹೇಳಾಕ ಏನಾಗಿತ್ರೀ ನಿಮಗ?” ದೋಣಿ, ಪಡವ, ನಾವೆ. ಇಷ್ಟು ಪದ ಬಾಯಲ್ಲಿಟ್ಟುಕೊಂಡು ಸಂಬಳ ತೆಗೆದುಕೊಳ್ಳುವವನು ಇಂಗ್ಲಿಷಿನದೇ ಪದ ಬೇಕೆಂದು ಹಟ ಹಿಡಿದಿದ್ದೆ.

ಸೋಮವಾರ ಡಾಬಾದವನು ಬರುತ್ತಾನೆ ಎಂಬುದು ನೆನಪಾಗಿ ನನ್ನ ಕೂಗು ನಿಂತಿತು. ಗಿರಿಜಾ ಏನು ಮಾಡುತ್ತಿದ್ದಾಳೆ ಎಂದು ತಿರುಗಿದೆ. ಆಕೆ ಕಾರಿನ ಹಿಂದೆ, ಏಣಿಯ ಸರಳಿಗೆ ಹಣೆಯಿಟ್ಟು ನಗುತ್ತಿದ್ದಳು. ದನಿಯೇ ಇಲ್ಲದೆ, ಭುಜ ಕುಣಿಸಿಕೊಂಡು. ಆಪರೇಷನ್ ಆದ ಮೇಲೆ ಆಕೆ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ, ಅಥವಾ ನೋಡಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಸಂಗಪ್ಪ ತನ್ನ ಕೆಲಸವನ್ನು ಸಮರ್ಥಿಸಿಕೊಳ್ಳುವ ಹಾಗೆ, “ಮೇಡಂ ಕಾಲಿಗೆ ಅಂತ ಮೆಟ್ಟಲು ಗಿಡ್ಡ ಇಟ್ಟೀನ್ರಿ. ಮ್ಯಾಲೆ ಹಿಡಕೊಳ್ಳಾಕ ಬಳಿ ಐತಿ,” ಎಂದ. ಆಕೆಯ ನಗು ನಿಂತಿತು. ಮೆಟ್ಟಿಲು ನೋಡಿದಳು. ಬಳೆ ಹಿಡಿದು ಒಂದು ಮೆಟ್ಟಿಲು ಹತ್ತಿದಳು, ನಿಂತಳು, ಇನ್ನೊಂದು ಹತ್ತಿದಳು. ನಾನು ಹಿಂದೆ ಕೈ ಒಡ್ಡಿಕೊಂಡು ನಿಂತೆ, ಕ್ಯಾಚು ಹಿಡಿಯುವವನ ಹಾಗೆ. ಪೀಠದ ಮೇಲೆ ಕೂತು ಸೆರಗು ಸರಿಮಾಡಿಕೊಂಡು ಮಕ್ತಲ್‌ನ ರಸ್ತೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಆಮೇಲೆ ಪೀಠದ ಎರಡು ಮಗ್ಗುಲನ್ನು ನೋಡಿದಳು.

“ರೀ,” ಎಂದಳು ಮೇಲಿನಿಂದ. “ದೋಣಿನ ಬೋರಲ ಯಾಕ ಹಾಕಬೇಕು? ಮಗ್ಗಲಾಗಿ ನಿಂದ್ರಿಸಿದ್ರ? ಈ ಕಡೆ ಒಂದು, ಆ ಕಡೆ ಒಂದು, ನಡುವ ಈ ಖುರ್ಚಿಗೆ ಒರಗಿಸಿ ಕಟ್ಟಿದ್ರ?”

ಸಂಗಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಲ್ಲರಿಗಿಂತ ಮೊದಲು ಅದೇ ತನ್ನ ಪ್ಲಾನು ಎಂದವನು ಸಂಗಪ್ಪ. ಪೀಠವನ್ನು ಕೊಯ್ದು ತೆಗೆದುಬಿಡು, ಬರೀ ಸರಳು ಸಾಕು ಎಂದು ನಾನು ಹೇಳಿ ನೋಡಿದೆ. “ಮಾಡಿದ್ದನ್ನ ಕೆಡಿಸಾಕ ನನಗ ಕೈ ಬರಂಗಿಲ್ರೀ,” ಎಂದುಬಿಟ್ಟ. ಹಾಗಾಗಿ ಒರಗು, ಏಣಿ, ಛತ್ರಿಯ ಬಳೆ ಎಲ್ಲ ಉಳಿದವು. ಎರಡೂ ಮಗ್ಗುಲಿಗೆ ಕೊಕ್ಕೆ ಬೆಸೆದು, ಕಯಾಕಿಗೆ ಗೀರು ಬೀಳದ ಹಾಗೆ ಲಾರಿ ಟ್ಯೂಬಿನ ರಬ್ಬರು ಸುತ್ತಿದ. ಪೀಠದ ಕಾಲುಗಳು ಬಾಗಿಲ ಚೌಕಟ್ಟಿನ ಮೇಲಂಚನ್ನು ಕಚ್ಚಿಕೊಂಡು ಕೂರುತ್ತವೆ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಅದನ್ನು ನಾನು ಹಲವು ಸಲ ತೆರೆದು ಮುಚ್ಚಿ ಖಾತ್ರಿ ಮಾಡಿಕೊಂಡೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಚಾವಣಿ ಇಂತಿಷ್ಟೇ ತೂಕ ಹೊರಬಲ್ಲದು ಎಂದು ಬರೆದಿತ್ತು. ಸಂಗಪ್ಪ ಬಳಸಿದ್ದು ಹಗುರ ಪೈಪು, ಕಯಾಕ್ ಇನ್ನೂ ಹಗುರ, ಓಡುವಾಗ ಅಷ್ಟು ನಡೆಯುತ್ತದೆ. ಕಾರು ನಿಂತ ಮೇಲೆ ಮನುಷ್ಯರೊಬ್ಬರು ಹತ್ತಿ ಕೂತರೆ ಅಡ್ಡಿಯಿಲ್ಲ. ಆನೆ ಬೇಡ.

ಭಾನುವಾರ ಹೊರಟೆವು. ಅಗಲ ಪಟ್ಟಿಗಳಿಂದ ಬಿಗಿದ ಕಯಾಕ್‌ಗಳು ಕಾರಿಗೆ ಎರಡು ಕಿವಿ ಬಂದ ಹಾಗೆ ಕಾಣುತ್ತಿದ್ದವು. ನಾರಾಯಣಪೇಟೆ ದಾಟಿದ ಕೂಡಲೇ ಮೇಲಿನಿಂದ ಹೂಂ ಎನ್ನುವ ದನಿ ಶುರುವಾಯಿತು, ಯಾರೋ ಬಹಳ ಅಸಮಾಧಾನದಿಂದ ನಮ್ಮ ಮಾತಿಗೆಲ್ಲ ಹೂಂಗುಟ್ಟುವ ಹಾಗೆ. ನಿಲ್ಲಿಸಿ ನೋಡಿದರೆ ಏನೂ ಇಲ್ಲ. ಹೊರಟರೆ ಮತ್ತೆ ಹೂಂ. ಪಟ್ಟಿ ಗಾಳಿಗೆ ತಂಬೂರಿಯಾಗಿತ್ತು. ಗಿರಿಜಾ ಇಳಿದು ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿದಳು, ದನಿ ನಿಂತಿತು. ಆಕೆಯ ಕೊರಳಲ್ಲಿ ಸೀಟಿ ಇತ್ತು. ಮೊಳೆಯಿಂದ ಅದನ್ನು ಯಾವಾಗ ತೆಗೆದಳೋ ನಾನು ನೋಡಲಿಲ್ಲ. ನೋಡಿದೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು.

ಹಿನ್ನೀರಿನ ದಂಡೆಯಲ್ಲಿ ಕಿತ್ತಳೆ ಕಯಾಕ್ ಇಳಿಸಿದೆವು. ಪುಟ್ಟಿಯವರೊಬ್ಬರು ಯಾವ ಕಡೆ ಬಲೆ ಇದೆ, ಯಾವ ಕಡೆ ಹೋಗಬಾರದು ಎಂದು ತೋರಿಸಿದರು. ಗಿರಿಜಾ ಕಾಲು ಚಾಚಿ ಕೂತು, ಹುಟ್ಟಿನಿಂದ ದಂಡೆಯನ್ನು ಒಮ್ಮೆ ತಳ್ಳಿದಳು. ಅಷ್ಟೆ. ನೋಡನೋಡುತ್ತ ಒಂದು ಕಿತ್ತಳೆ ಚುಕ್ಕೆಯಾದಳು. ನಡುನೀರಿನಿಂದ ಸೀಟಿ ಒಂದು ಸಲ ಕೇಳಿಸಿತು. ಚೆನ್ನಾಗಿದ್ದೇನೆ ಎಂದು ಅರ್ಥ. ನೆಲದಿಂದ ಚುಕ್ಕೆ ಕಾಣದಾದಾಗ ನಾನು ಏಣಿ ಹತ್ತಿದೆ. ಪೀಠದ ಮೇಲಿಂದ ಇಡೀ ನೀರು ಕಾಣುತ್ತಿತ್ತು. ಬಿಸಿಲು ಚುರುಗುಟ್ಟಿತು, ಬಳೆಗೆ ಛತ್ರಿ ಸಿಕ್ಕಿಸಿದೆ. ಒರಗು ಬೆನ್ನಿಗೆ ಸರಿಯಾಗಿ ಹೊಂದಿತು. ಸಂಗಪ್ಪ ಮಾಡಿದ್ದರಲ್ಲಿ ಒಂದನ್ನೂ ಬಳಸದೆ ಬಿಡಲಿಲ್ಲ.

ಕುರಿಯ ಹಿಂಡು ಹೊಡೆದುಕೊಂಡು ಕಂಬಳಿ ಹೊದ್ದ ಮುದುಕನೊಬ್ಬ ಬಂದ. ಕಾರನ್ನು ಒಂದು ಸುತ್ತು ಹಾಕಿ, ಕತ್ತೆತ್ತಿ ಕೇಳಿದ: “ಏನ್ ಮಾಡಾಕ ಕುಂತೀರ್ರೀ ಮ್ಯಾಲೆ?”

“ಕಾಯಾಕ.”

“ಏನ್ ಕಾಯಾಕ್ರೀ?”

ನೀರಿನ ಕಡೆ ಬೆರಳು ತೋರಿಸಿದೆ. “ನಮ್ಮ ಮನಿಯವರು.”

ಅವನು ಹಣೆಗೆ ಕೈಯಿಟ್ಟು ಚುಕ್ಕೆಯನ್ನು ನೋಡಿದ, ಆಮೇಲೆ ನನ್ನ ಏಣಿ, ನನ್ನ ಛತ್ರಿ. “ಇಷ್ಟು ಹಿಂಡು ನಾ ನೆಲದ ಮ್ಯಾಲೆ ನಿಂತು ಕಾಯ್ತೀನಿ. ಒಬ್ಬಾಕಿನ್ನ ಕಾಯಾಕ ಇಷ್ಟು ಎತ್ತರ ಬೇಕೇನ್ರೀ?”

“ಕುರಿ ನೀರಿಗೆ ಇಳಿಯಂಗಿಲ್ಲ. ಆಕಿ ಇಳೀತಾಳ, ಈಜು ಬರ್ತೈತಿ.”

“ನಿಮಗ್ರೀ?”

ನಾನು ಛತ್ರಿಯನ್ನು ಸ್ವಲ್ಪ ಸರಿಮಾಡಿಕೊಂಡೆ. ಅವನು ನೀಲಿ ಕಯಾಕನ್ನು ಕೋಲಿನಿಂದ ಮೆಲ್ಲಗೆ ತಟ್ಟಿ, “ಮತ್ತ ಇದು ಯಾರದು?” ಎಂದ. ಅದು ತೂಕ ಸರಿದೂಗಿಸಲಿಕ್ಕೆ ಎಂದೆ. ಒಂದೇ ಕಡೆ ಕಟ್ಟಿದರೆ ಕಾರು ವಾಲುತ್ತದೆ, ಗಾಳಿಗೆ ಹಿಡಿತ ಸಿಗುವುದಿಲ್ಲ ಎಂದೆಲ್ಲ ಬಹಳ ಹೊತ್ತು ವಿವರಿಸಿದೆ. ಅವನು ಪೂರ್ತಿ ಕೇಳದೆ ಕುರಿಗಳ ಹಿಂದೆ ಹೋದ.

ಸೋಮವಾರ ಡಾಬಾದವನು ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಈಗ ಬಹುತೇಕ ಭಾನುವಾರ ನಾವು ಅಲ್ಲಿರುತ್ತೇವೆ. ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ: “ನೀವೂ ಕಯಾಕ್ ಹತ್ತಿದ್ರೇನ್ರೀ ಸರ್?” ನಾನು ಗಂಭೀರವಾಗಿ, “ಕಾಯಾಕ ಹತ್ತೀನಲ್ಲ,” ಎನ್ನುತ್ತೇನೆ. ನಮ್ಮ ಕಡೆಯ ಮಾತಿನಲ್ಲಿ ಕಾಯಾಕ ಹತ್ತೀನಿ ಎಂದರೆ ಕಾಯುತ್ತಿದ್ದೇನೆ ಎಂದರ್ಥ. ಕಯಾಕ್ ಹತ್ತೀನಿ ಎಂದರೆ ಕಯಾಕ್ ಏರಿದ್ದೇನೆ ಎಂದರ್ಥ. ಸ್ವಲ್ಪ ಬೇಗ ಹೇಳಿದರೆ ಕೇಳಿದವರು ತಮಗೆ ಬೇಕಾದದ್ದನ್ನು ತೆಗೆದುಕೊಳ್ಳುತ್ತಾರೆ. ಹೀಗೆ ಸುಳ್ಳು ಹೇಳದೆ ನಾನು ಮಕ್ತಲ್ ಸುತ್ತಮುತ್ತ ಸಾಹಸಿಯೆಂದು ಹೆಸರು ಮಾಡಿದ್ದೇನೆ. ಆವತ್ತು ಫೋನಿನಲ್ಲಿ ನಾನು ಹೇಳಿದ್ದು ಯಾವುದು ಎಂಬ ಜಗಳ ಮನೆಯಲ್ಲಿ ಇನ್ನೂ ಮುಗಿದಿಲ್ಲ. “ನಿಮ್ಮ ನಾಲಗಿ ತಪ್ಪಿಲ್ರೀ,” ಎನ್ನುತ್ತಾಳೆ ಗಿರಿಜಾ, “ನಿಮಗ ಏನು ಬೇಕಾಗಿತ್ತೋ ಅದನ್ನ ಹೇಳ್ಯಾದ.”

ಹೋದ ವಾರ ಆಕೆ ದೂರ ಹೋಗಲಿಲ್ಲ. ದಂಡೆಯ ಹತ್ತಿರವೇ ತಿರುಗಿ, ಪೀಠದ ಮೇಲಿದ್ದ ನನ್ನ ಕಡೆ ಕತ್ತೆತ್ತಿ, “ರೀ, ನೀಲಿದು ಇಳಸೋಣೇನು?” ಎಂದು ಕೂಗಿದಳು.

“ಕಾಯಾಕ ಹತ್ತೀನಲ್ಲ ಗಿರಿಜಾ,” ಎಂದೆ, ಸ್ಟಾಫ್ ರೂಮಿನ ಅಭ್ಯಾಸದಲ್ಲಿ, ಸ್ವಲ್ಪ ಬೇಗ.

ಆಕೆ ಹುಟ್ಟನ್ನು ಮಡಿಲಿಗೆ ಅಡ್ಡ ಇಟ್ಟುಕೊಂಡಳು. ಡ್ರಿಲ್ಲಿನ ಸಾಲಿನಲ್ಲಿ ತಪ್ಪು ಕಾಲು ಹಾಕಿದ ಹುಡುಗಿಯನ್ನು ನಿಲ್ಲಿಸುವ ಹಾಗೆ ಉದ್ದಕ್ಕೆ ಒಂದು ಸೀಟಿ ಊದಿದಳು.

“ಪಂಡಿತರ, ಇನ್ನೊಮ್ಮೆ ಹೇಳ್ರಿ. ಈ ಸಲ ಹ್ರಸ್ವದಾಗ.”

ಗಾಳಿಗೆ ಏನೂ ಕೇಳಿಸುತ್ತಿಲ್ಲ ಎಂದು ಕಿವಿ ಮುಟ್ಟಿ ಸನ್ನೆ ಮಾಡಿದೆ. ಆವತ್ತು ಗಾಳಿ ಇತ್ತೇ ಎಂದು ಮಾತ್ರ ಕೇಳಬೇಡಿ. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ.